ನನ್ನ ಮಾತಿಗೆ ದುಭಾಷಿ ಬೇಡ

ತ್ರಿಪ್ಪುಣಿತ್ತುರ
೧೩ ಸೆಪ್ಟೆಂಬರ್ ೧೯೭೪, ಶುಕ್ರವಾರ

ತಿರುವನಂತಪುರದಲ್ಲಿರುವ ನಮ್ಮ ಯಜಮಾನರಿಗೆ ವೇದವತಿ ಮಾಡುವ ನಮಸ್ಕಾರಗಳು.

ಭಾನುವಾರ ಕರೆದೊಯ್ಯಲು ಬರುತ್ತೇನೆ, ಪೆಟ್ಟಿಗೆ ಕಟ್ಟಿಟ್ಟಿರು ಎಂದು ಬರೆದಿದ್ದೀರಿ. ಎರಡು ಸಲ ಕಟ್ಟಿದೆ, ಎರಡು ಸಲ ಬಿಚ್ಚಿದೆ. ಬ್ಯಾಂಕಿಗೆ ಹೊರಟಿದ್ದ ಸುಬ್ರಾಯಣ್ಣ ನೋಡಿ, ಏನೇ ತಂಗಿ, ಇದು ನಿನ್ನ ಅವಾಂತರ ಎಂದು ನಕ್ಕ. ಈ ಕಾಗದವೂ ಮೂರನೆಯದು. ಮೊದಲಿನೆರಡು ಒಲೆಗೆ ಹೋದವು.

ನಾನೀಗ ಬರುವುದಿಲ್ಲ. ಅಬ್ಬಾ, ಬರೆದೆ!

ಪ್ರತಿ ಗುರುವಾರ ಎರ್ನಾಕುಳಂನಲ್ಲಿ ಒಬ್ಬರು ಡಾಕ್ಟರಮ್ಮನ ಬಳಿ ಹೋಗುತ್ತಿದ್ದೇನೆ. ಸೂಜಿಯಿಲ್ಲ, ಒಂದು ಗಂಟೆ ಬರೀ ಮಾತು. ಮಾತಾಡಿದರೆ ಕಾಯಿಲೆ ವಾಸಿಯಾಗುತ್ತದೆಯೇ ಎಂದು ನೀವು ನಗುತ್ತೀರಿ, ಗೊತ್ತು. ಮೊದಲೆರಡು ವಾರ ಬರೀ ಅಳುವೇ ಆಯಿತು. ಮೂರನೆಯ ವಾರ ಆಕೆ, ಬರುವ ಗುರುವಾರದೊಳಗೆ ನಿಮ್ಮಿಂದಾಗುವ ಒಂದೇ ಒಂದು ಕೆಲಸ ಹೇಳಿ ಎಂದರು. ತಲೆ ಬಾಚಿಕೊಳ್ಳುತ್ತೇನೆ ಎಂದೆ. ನಗಬೇಡಿ, ನನಗೆ ಅದೇ ದೊಡ್ಡದಾಗಿತ್ತು. ಈಗ ಒಬ್ಬಳೇ ಬಸ್ಸು ಹತ್ತುತ್ತೇನೆ. ಕೆಲವು ದಿನ ಬೆಳಗ್ಗೆ ಇನ್ನೂ ಏಳಲಾಗುವುದಿಲ್ಲ. ಆದರೆ ಯಾಕೆ ಎಂದು ಬಾಯಿಬಿಟ್ಟು ಹೇಳಲು ಕಲಿತಿದ್ದೇನೆ.

ಅಲ್ಲಿ ಮಾತಾಡುವುದೆಲ್ಲ ಮಲಯಾಳದಲ್ಲಿ. ಹೌದು ರೀ, ನನಗೆ ಬರುತ್ತದೆ. ನಾಲ್ಕು ವರ್ಷ ನೀವು ನಿಮ್ಮ ರಾಕೆಟ್ ಆಫೀಸಿನಲ್ಲಿದ್ದಾಗ ಪಕ್ಕದ ಮನೆಯ ಅಕ್ಕ, ಆ ಚೇಚಿಯೊಂದಿಗೆ ನಾನು ಯಾವ ಭಾಷೆ ಆಡಿದೆ ಅಂದುಕೊಂಡಿರಿ? ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.

ನಿಮ್ಮ ಮೇಲೆ ಸಿಟ್ಟಿದೆ. ಪ್ರೀತಿಯೂ ಇದೆ, ಹಾಳಾದ್ದು. ಭಾನುವಾರ ಬೇಡ, ರಜೆ ಹಾಕಿ ಗುರುವಾರಕ್ಕೆ ಬನ್ನಿ. ಡಾಕ್ಟರಮ್ಮ ನಿಮ್ಮನ್ನೂ ಕೂರಿಸಿಕೊಳ್ಳುತ್ತಾರಂತೆ. ನಿಮ್ಮ ಮಾತು ನೀವಾಡಿ. ನನ್ನ ಪರವಾಗಿ ಮಾತ್ರ ಬಾಯಿ ತೆರೆಯಬಾರದು. ಬರುವುದೋ ಬಿಡುವುದೋ, ಆಮೇಲೆ ಹೇಳುತ್ತೇನೆ.

ಇಂತಿ,
ಇನ್ನೂ ನಿಮ್ಮವಳೇ ಆದ
ವೇದವತಿ

ಮ.ವಿ.: ತಿರುವನಂತಪುರದ ಡಾಕ್ಟರ ಮುಂದೆ ನೀವೇ ನನ್ನ ದುಭಾಷಿಯಾಗಿ ಕೂತಿದ್ದಿರಲ್ಲ? ಬಾವಿಕಟ್ಟೆಗೆ ಹೋದರೆ ಹಾರಿಬಿಡೋಣ ಅನ್ನಿಸುತ್ತದೆ ಎಂದೆ ನಾನು. ನೀರು ಸೇದಿ ಸೇದಿ ಇವಳಿಗೆ ಆಯಾಸ ಎಂದು ನೀವು ಮಲಯಾಳದಲ್ಲಿ ಹೇಳಿದಿರಿ. ಅವರು ಟಾನಿಕ್ ಬರೆದುಕೊಟ್ಟರು. ನನ್ನ ಮುಖ ನೋಡದೆ ನೀವು ಆ ಚೀಟಿಯನ್ನು ಮಡಚಿ ಮಡಚಿ ಜೇಬಿಗಿಟ್ಟಿರಿ, ಅದನ್ನೂ ನೋಡಿದೆ. ನಿನ್ನೆ ಬಾವಿಕಟ್ಟೆಯ ಆ ಮಾತನ್ನು ಡಾಕ್ಟರಮ್ಮನಿಗೆ ನಾನೇ ಹೇಳಿದೆ.