ಗುಬ್ಬಿಯ ಪಕ್ಕದ ಕುರ್ಚಿ

ಶಾಲೆಯ ಹಿಂದಿನ ಬಾಡಿಗೆ ಕೋಣೆ,
ನವೆಂಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುತ್ತೀಯಂತೆ, ಅತ್ತಿಗೆ ಹೇಳಿದರು. ಮೂರು ವರ್ಷದಿಂದ ನಿನ್ನ ಸುದ್ದಿಯನ್ನು ಬೇರೆಯವರ ಬಾಯಿಂದಲೇ ಕೇಳುತ್ತಿದ್ದೇನೆ. ತಪ್ಪು ನನ್ನದೇ. ವಿಶೇಷ ಮಕ್ಕಳ ಶಿಕ್ಷಕಿಯ ತರಬೇತಿ ಮುಗಿಸಿ, ಒಂದೇ ವರ್ಷ ಕೆಲಸ ಮಾಡಿ ನೀನು ಬಿಟ್ಟು ಬಂದಾಗ "ಓದಿಸಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು" ಅಂದುಬಿಟ್ಟೆ. ಒಬ್ಬಳ ಕೈಗೆ ಇಪ್ಪತ್ತು ಮಕ್ಕಳನ್ನು ಕೊಟ್ಟರೆ ಯಾರಾದರೂ ಸೋಲುತ್ತಾರೆ ಎಂದು ಆಗ ನನಗೆ ಹೊಳೆಯಲಿಲ್ಲ. ನನ್ನ ಬಾಯಿಗಷ್ಟು ಮಣ್ಣು ಹಾಕ. ನೀನು ಮಾತು ಬಿಟ್ಟೆ, ನಾನು ಹಟ ಹಿಡಿದೆ. ಈಗ ಭಾನುವಾರ ನನ್ನ ಜೊತೆ ಮಾತಾಡುವುದು ಕುಕ್ಕರ್ ಒಂದೇ. ಮೂರು ಸಲ ಕೂಗಿ ಅದೂ ಸುಮ್ಮನಾಗುತ್ತದೆ.

ಶಾಲೆಯಲ್ಲಿ ನಾನು ಕಾಗದದ ಪ್ರಕಾರ ಆಯಾ. ಮಾಡುವ ಕೆಲಸ ಮಾತ್ರ ಒಬ್ಬ ಹುಡುಗಿಯ ಪಕ್ಕ ಕೂರುವುದು. ಒಂಬತ್ತು ವರ್ಷ, ಮಾತಿಲ್ಲ, ಗದ್ದಲವಾದರೆ ಮೇಜಿನಡಿ ಸೇರುತ್ತಾಳೆ. ಎಲ್ಲರೂ ಗುಬ್ಬಿ ಅನ್ನುತ್ತಾರೆ. ತರಬೇತಿ ಪಡೆದ ಟೀಚರ್ ನಾಲ್ಕು ಶಾಲೆಗೆ ಒಬ್ಬರೇ. ಮಂಗಳವಾರ ಒಂದು ಗಂಟೆ ಇದ್ದು, ವಾರವಿಡೀ ತಾವೇ ಕಲಿಸಿದ ಹಾಗೆ ರಿಜಿಸ್ಟರಿಗೆ ಸಹಿ ಹಾಕಿ ಹೋಗುತ್ತಾರೆ. ಪಾಪ, ಅವರನ್ನು ಬೈಯಲಾರೆ, ಅರ್ಧ ಆಯುಷ್ಯ ಬಸ್ಸಿನಲ್ಲೇ ಕಳೆಯುತ್ತಿದೆ. ಗಂಟೆ ಹೊಡೆಯುವ ಮುಂಚೆಯೇ ಗುಬ್ಬಿಯ ಕಿವಿ ಮುಚ್ಚಬೇಕೆಂದು ನನಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಸರ್ಟಿಫಿಕೇಟು ಯಾರಿಗೆ ಬೇಕು ಎಂದು ಜಂಬಪಡುತ್ತಿದ್ದೆ.

ಹೋದ ವಾರ ತಪಾಸಣೆಗೆ ಒಬ್ಬ ಮೇಡಂ ಬಂದರು. ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿ, ಗುಬ್ಬಿಯ ಮುಂದೆ ಅವಳ ಸ್ವೆಟರ್ ಇಟ್ಟು ಸುಮ್ಮನೆ ಕೂತರು. ಗುಬ್ಬಿ ಹೇಗೋ ತೋಳು ತೂರಿಸಿಕೊಂಡು, ಎದೆ ಮುಂದೆ ಮಾಡಿ, ನನಗಾಗಿ ಕಾದಳು. ನಾಲ್ಕು ವರ್ಷದಿಂದ ಗುಂಡಿ ಹಾಕುವವಳು ನಾನೇ ಅಲ್ಲವೇ? ಅವಳ ತುಟಿ ಅದುರತೊಡಗಿತು. ನಾನು ಒಳಗೆ ಕಾಲಿಟ್ಟೆ, ಮೇಡಂ ಕೈ ತೋರಿಸಿ ತಡೆದರು. ಹನ್ನೊಂದು ನಿಮಿಷ. ಕೊನೆಗೆ ಗುಬ್ಬಿ ತಾನೇ ಒಂದು ಗುಂಡಿ ಹಾಕಿಕೊಂಡಳು, ತಪ್ಪು ತೂತಿಗೆ. ಹಾಕಿಕೊಂಡು ನಕ್ಕಳು. ನನ್ನ ಕಡೆ ನೋಡಲೇ ಇಲ್ಲ. "ಪ್ರೀತಿಯಿಂದಾನೇ ಮಾಡಿದ್ದೀರಾ. ಆದ್ರೆ ಎಲ್ಲಾ ನೀವೇ ಮಾಡಿಬಿಟ್ರೆ ಅವಳು ಯಾವಾಗ ಕಲಿಯೋದು?" ಅಂದರು ಮೇಡಂ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಹೆರದ ನನಗೂ ಅದೇ ಆಯಿತು. ಕೋಣೆಗೆ ಬಂದು ತುಂಬ ಅತ್ತುಬಿಟ್ಟೆ ಕಣೇ. ಬೈದರೆಂದಲ್ಲ, ನಿಜ ಹೇಳಿದರೆಂದು.

ಜನವರಿಯಿಂದ ತರಬೇತಿ ಆದವರೇ ದಿನವೂ ಅವಳ ಪಕ್ಕ ಇರಬೇಕಂತೆ. ಸಿಗದಿದ್ದರೆ ಅವಳನ್ನು ಮನೆಗೆ ಕಳಿಸುತ್ತಾರೆ. ತಾಯಿಯಿಲ್ಲ, ಅಪ್ಪ ದರ್ಜಿ; ಒಂದೇ ಕೋಣೆ, ಇಡೀ ದಿನ ಹೊಲಿಗೆ ಯಂತ್ರದ ಸದ್ದು. ಅಲ್ಲಿ ಆ ಮಗು ಕಿವಿ ಮುಚ್ಚಿಕೊಂಡೇ ದೊಡ್ಡವಳಾಗಬೇಕು. ಹೆಡ್‌ಮಾಸ್ಟರು ಎರಡು ಸಲ ಜಾಹೀರಾತು ಕೊಟ್ಟರೂ ಒಂದು ಅರ್ಜಿಯೂ ಬಂದಿಲ್ಲ. ನಾನೇ ಓದೋಣವೆಂದರೆ ಹತ್ತನೇ ತರಗತಿಯೂ ಪಾಸಾಗದವಳನ್ನು ಯಾರು ಸೇರಿಸಿಕೊಳ್ಳುತ್ತಾರೆ?

ಬೆನ್ನಿಗೆ ಬಿಸಿನೀರಿನ ಶಾಖ ಕೊಡು, ಉದಾಸೀನ ಮಾಡಬೇಡ. ಅಣ್ಣ, ಅತ್ತಿಗೆಯರಿಗೆ ನನ್ನ ನೆನಪು ಹೇಳು. ಕೋಪ ಇದ್ದರೂ ಇರಲಿ, ನೀನು ತಣ್ಣಗಿರು.

ನಿನ್ನ ಬಾಯಿಬಡುಕಿ
ಅಕ್ಕ

ತಾ.ಕ.: ಜೊತೆಗೆ ಅರ್ಜಿ ಇಟ್ಟಿದ್ದೇನೆ. ನಿನ್ನ ಹೆಸರು, ಹುಟ್ಟಿದ ದಿನ, ಓದು, ಎಲ್ಲ ನಾನೇ ತುಂಬಿದ್ದೇನೆ. ಸಹಿ ಮಾತ್ರ ನೀನು ಹಾಕಬೇಕು, ಈ ತಿಂಗಳ ಮೂವತ್ತರೊಳಗೆ ತಲುಪಬೇಕು. ಇಲ್ಲಿ ಇಪ್ಪತ್ತಲ್ಲ, ಒಂದೇ ಮಗು. ನಾನು ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋಗುತ್ತೇನೆ, ಹೆಡ್‌ಮಾಸ್ಟರು ಒಪ್ಪಿದ್ದಾರೆ. ಆ ಕುರ್ಚಿಯಲ್ಲಿ ಯಾರು ಕೂತರೂ ನನಗೆ ಹೊಟ್ಟೆ ಉರಿಯುತ್ತದೆ ಪುಟ್ಟೀ. ಆದರೆ ನೀನು ಕೂತರೆ, ಇವತ್ತು ಅವಳು ಏನು ಮಾಡಿದಳು ಅಂತ ಸಂಜೆ ಮನೆಗೆ ಬಂದು ನನಗೆ ಹೇಳುತ್ತೀಯಲ್ಲ.