ಹದಿನಾಲ್ಕನೇ ಪುಟ

ಮಾವನಿಗೆ ನಮಸ್ಕಾರ.

ದಿವಾಳಿಯಾದ ಕಂಪನಿಗಳ ಬಗ್ಗೆ ಪ್ರಬಂಧ ಬರೆಯಲು ಆಧಾರ ಎಲ್ಲಿ ಹುಡುಕಲಿ ಎಂದು ಕಳೆದ ಭಾನುವಾರ ನೀವು ಊಟಕ್ಕೆ ಬಂದಿದ್ದಾಗ ಕೇಳಿದೆ. ಹಳೆಯ ಪತ್ರಿಕೆಗಳಿಂದ ಹಿಡಿದು ನ್ಯಾಯಾಲಯದ ದಾಖಲೆ ಕೋಣೆಯವರೆಗೆ ನೀವೇ ದಾರಿ ತೋರಿಸಿದಿರಿ. ಅಪ್ಪನೂ ನೀವೂ ನಡೆಸುತ್ತಿದ್ದ ಅಂಗಿಗುಂಡಿ ಕಾರ್ಖಾನೆಯ ಮಾತು ಬಂದಾಗ ಮಾತ್ರ, "ಅದನ್ನ ಹುಡುಕ್ಬೇಡ ಕಣೇ, ಗೆದ್ದಲು ತಿಂದಿದೆ" ಅಂದಿರಿ.

ಕಡತ ಗಟ್ಟಿಮುಟ್ಟಾಗಿದೆ ಮಾವ. ಹದಿನಾಲ್ಕನೇ ಪುಟ ಇಲ್ಲ, ಅಷ್ಟೇ. ದಾಖಲೆ ಕೋಣೆಯಲ್ಲಿ ಕಡತ ನೋಡಿದವರೆಲ್ಲ ಅದಕ್ಕೆ ಕಟ್ಟಿದ ಚೀಟಿಯಲ್ಲಿ ಸಹಿ ಹಾಕಬೇಕು. ಹದಿನೆಂಟು ವರ್ಷಕ್ಕೆ ಒಂದೇ ಸಹಿ ಇದೆ. ನಿಮ್ಮದು, ಮೊನ್ನೆ ಸೋಮವಾರದ್ದು.

ಅಲ್ಲಿನ ಗುಮಾಸ್ತರು ನನ್ನ ಮುಖ ನೋಡಿ, "ಬೇಜಾರಾಗ್ಬೇಡಮ್ಮ, ಎರಡನೇ ಪ್ರತಿ ಅಟ್ಟದ ಮೇಲಿರುತ್ತೆ" ಎಂದು ಏಣಿ ಹತ್ತಿ ತಂದುಕೊಟ್ಟರು.

ಅಪ್ಪ ಹಟ ಹಿಡಿದು ತಂದ ಹೊಸ ಯಂತ್ರದಿಂದಲೇ ಕಾರ್ಖಾನೆ ಮುಳುಗಿತು ಎಂದು ನೀವು ಹೇಳುತ್ತ ಬಂದಿರಿ. ಅಪ್ಪ ನಂಬಿದರು. ಇವತ್ತಿಗೂ ನಿಮ್ಮೆದುರು ಕುರ್ಚಿಯ ತುದಿಯಲ್ಲೇ ಕೂರುತ್ತಾರೆ. ಹದಿನಾಲ್ಕನೇ ಪುಟದಲ್ಲಿರುವುದು ಕಂಪನಿ ದಿವಾಳಿಯೆಂದು ಘೋಷಿಸಿ ಎಂಬ ಅರ್ಜಿ. ಸಹಿ ನಿಮ್ಮೊಬ್ಬರದೇ. ತಾರೀಖು, ಯಂತ್ರ ಬರುವುದಕ್ಕೆ ಮೂರು ತಿಂಗಳು ಮುಂಚಿನದು.

ಭಾನುವಾರ ಎಂದಿನಂತೆ ಊಟಕ್ಕೆ ಬನ್ನಿ. ಬರುವಾಗ ಆ ಪುಟ ತನ್ನಿ. ಸೋಮವಾರ ನಾನೇ ಒಯ್ದು ಕೊಡುತ್ತೇನೆ, ಇಲ್ಲದಿದ್ದರೆ ಪಾಪ, ಗುಮಾಸ್ತರ ತಲೆಗೆ ಬರುತ್ತದೆ.

ಅಪ್ಪನಿಗೆ ನಾನಿನ್ನೂ ಏನೂ ಹೇಳಿಲ್ಲ. ಊಟವಾದ ಮೇಲೆ ನೀವೇ ಓದಿ ಹೇಳಿ. ತಾರೀಖನ್ನು ಎರಡು ಸಲ ಓದಿ, ಅವರಿಗೆ ಈಗ ಕಿವಿ ಮಂದ.

ಇಂತಿ,
ನೀವೇ ಕೈ ಹಿಡಿದು ಅಕ್ಷರ ತಿದ್ದಿಸಿದ
ನಿಮ್ಮ ಅಕ್ಕನ ಮಗಳು