ಒಂದೇ ಶಿಫ್ಟ್

ಭಾನುವಾರ, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ನಿಮ್ಮ ಪತ್ರ ಬಂದು ವಾರವಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ನೀವು ನನಗೆ ಬರೆದ ಮೊದಲ ಪತ್ರ ಅದು. ಫೋನಿನಲ್ಲಿ ಹೂಂ ಅಥವಾ ಊಹೂಂ ಅಂದು ಮುಗಿಸಲು ಮನಸ್ಸು ಬರಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಎಂದಿನಂತೆ ಹೇಳಿದ ಮಾತು ಕೇಳುವುದಿಲ್ಲ. ನಿಮ್ಮ ಮಗಳಿಗೆ ಆಸ್ಪತ್ರೆಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲವಂತೆ. ನರ್ಸ್ ಆಗಿ ಅವಳೂ ನಮ್ಮ ಹಾಗೆ ಶಿಫ್ಟಿನವಳೇ ಆದಳು, ನೋಡಿ.

ನಮ್ಮ ಕಂಪನಿಯ ಹೊಸ ಕಾರ್ಖಾನೆಯಲ್ಲಿ ಫ್ರಿಜ್‌ಗೆ ಬಾಗಿಲು ಜೋಡಿಸಲು ಕೈ ಪಳಗಿದವರು ಬೇಕಾಗಿದ್ದಾರೆ, ನೀನು ಬಂದುಬಿಡು, ಇಲ್ಲಿರುವುದೇ ಒಂದು ಶಿಫ್ಟ್, ಇಬ್ಬರೂ ಒಟ್ಟಿಗೆ ಹೋಗಿ ಒಟ್ಟಿಗೆ ಬರಬಹುದು ಅಂತ ಬರೆದಿದ್ದೀರಿ. ಕ್ವಾರ್ಟರ್ಸಿನ ಅಡುಗೆಮನೆಗೆ ದೊಡ್ಡ ಕಿಟಕಿ ಇದೆ ಅಂತಲೂ ಬರೆದಿದ್ದೀರಿ. ಆ ಸಾಲು ಓದಿ ಅತ್ತುಬಿಟ್ಟೆ. ಈ ಮನೆಯ ಕತ್ತಲೆ ಅಡುಗೆಮನೆಯ ಬಗ್ಗೆ ನಾನು ಗೊಣಗಿದ್ದು ನಿಮ್ಮ ಕಿವಿಗೆ ಬಿದ್ದಿರಲಿಲ್ಲ ಅಂದುಕೊಂಡಿದ್ದೆ. ವರ್ಗಾವಣೆಗೆ ಒಪ್ಪಿಗೆ ಇದೆಯೋ ಇಲ್ಲವೋ ಮುಂದಿನ ವಾರ ಮುಗಿಯುವುದರೊಳಗೆ ಹೇಳಬೇಕು ಅಂತ ಆಫೀಸಿನ ಮೇಡಂ ಎರಡು ಸಲ ಕರೆಸಿ ಹೇಳಿದರು. ಅವರಿಗೆ ಹೇಳುವ ಮೊದಲು ನಿಮಗೆ ಹೇಳಬೇಕಲ್ಲ.

ಹೇಳುವುದಕ್ಕೆ ಮುಂಚೆ ಸ್ವಲ್ಪ ಹಳೆಯದನ್ನೆಲ್ಲ ಮಾತಾಡಬೇಕು ಅನಿಸುತ್ತಿದೆ. ಬೇಸರ ಮಾಡಿಕೊಳ್ಳಬೇಡಿ. ಬೇಸರವಾದರೆ ಪತ್ರ ಮಡಚಿಟ್ಟು ನಾಳೆ ಓದಿ, ಇದಕ್ಕೆ ಕಾರ್ಖಾನೆಯ ಲೈನ್ ನಿಲ್ಲುವುದಿಲ್ಲ.

ಬೇರೆಯವರ ಸಂಸಾರ ಮನೆಯಲ್ಲಿ ನಡೆಯುತ್ತದೆ, ನಮ್ಮದು ಕಾರ್ಖಾನೆಯಲ್ಲಿ ನಡೆಯಿತು. ಪುಟ್ಟಿ ಹುಟ್ಟಿದ ಮೇಲೆ ಇಬ್ಬರಲ್ಲಿ ಒಬ್ಬರು ಮನೆಯಲ್ಲಿರಲೇಬೇಕಿತ್ತು. ನೀವು ಬೆಳಗಿನ ಶಿಫ್ಟ್, ನಾನು ಮಧ್ಯಾಹ್ನದ್ದು. ಮುಂದಿನ ವಾರ ಅದಲುಬದಲು. ಜಾಗ ಮಾತ್ರ ಒಂದೇ. ತಿರುಪು ಬಿಗಿಯಲು ನೀವು ಹಿಡಿದು ಬಿಟ್ಟ ಸ್ಕ್ರೂ ಗನ್ನನ್ನೇ ನಾನು ಹಿಡಿಯುತ್ತಿದ್ದೆ, ಅದರ ಹಿಡಿ ಇನ್ನೂ ಬೆಚ್ಚಗಿರುತ್ತಿತ್ತು. ನೀವು ಉದ್ದ, ನಾನು ಗಿಡ್ಡ. ಮೇಲಿಂದ ತೂಗುವ ಆ ಗನ್ನನ್ನು ನನಗೆ ಎಟಕುವಷ್ಟು ಇಳಿಸಿ, ನಾನು ನಿಲ್ಲಲು ಮರದ ಹಲಗೆಯನ್ನು ಕಾಲಿನಿಂದ ತಳ್ಳಿಟ್ಟು ಹೋಗುತ್ತಿದ್ದಿರಿ. ಯಾರೂ ಹೇಳಿಕೊಟ್ಟದ್ದಲ್ಲ. ಆ ಹಲಗೆಯ ಮೇಲೆ ಹತ್ತಿ ನಿಂತಾಗಲೆಲ್ಲ ನನಗೆ ಎಷ್ಟು ಸಮಾಧಾನವಾಗುತ್ತಿತ್ತು ಅಂತ ನಿಮಗೆ ಯಾವತ್ತೂ ಹೇಳಿಲ್ಲ.

ಪಕ್ಕದ ಮನೆ ಅಜ್ಜಿಯ ಕೈಗೆ ಪುಟ್ಟಿಯನ್ನು ಕೊಟ್ಟು ಬಂದರೆ ಶಿಫ್ಟ್ ಬದಲಾಗುವ ಆ ಐದು ನಿಮಿಷ ಇತ್ತಲ್ಲ, ನಮ್ಮ ಮಾತುಕತೆಯೆಲ್ಲ ಅಷ್ಟರಲ್ಲೇ. ಎಡಗಡೆ ತಿರುಪು ಇವತ್ತು ಸರಿಯಾಗಿ ಕೂರುತ್ತಿಲ್ಲ, ಪುಟ್ಟಿಗೆ ಮೈ ಬಿಸಿ ಇದೆ, ಹಸಿರು ಬಾಗಿಲುಗಳು ಗೀಚಿಕೊಂಡು ಬಂದಿವೆ, ಅಜ್ಜಿ ಔಷಧಿ ಹಾಕಿದ್ದಾರೆ. ಎಲ್ಲ ಒಂದೇ ಉಸಿರಿನಲ್ಲಿ. ಪುಟ್ಟಿಗೆ ಮೊದಲ ಹಲ್ಲು ಬಂದ ಸುದ್ದಿಯನ್ನು ನಾನು ಆ ಗದ್ದಲದಲ್ಲಿ ಕಿರುಚಿ ಹೇಳಿದಾಗ ಇಡೀ ಲೈನ್ ಚಪ್ಪಾಳೆ ತಟ್ಟಿತ್ತು. ಸೂಪರ್‌ವೈಸರ್ ಮೀಸೆ ಸಾಹೇಬರು ಓಡಿಬಂದು, ಸಂಸಾರ ಮನೇಲಿ ಮಾಡಿ, ಇಲ್ಲಿ ಬಾಗಿಲು ಹಾಕಿ ಅಂತ ರೇಗಿದರು. ಮನೇಲಿ ಇವರು ಸಿಗಲ್ಲ ಸಾರ್, ಅದಕ್ಕೇ ಇಲ್ಲಿ ಅಂತ ನಾನಂದೆ. ಅವರ ಮೀಸೆಯೂ ನಕ್ಕಿತು.

ಆಗೆಲ್ಲ ನಾವು ಹೇಳಿಕೊಳ್ಳುತ್ತಿದ್ದುದು ಒಂದೇ ಮಾತು. ಪುಟ್ಟಿ ದೊಡ್ಡವಳಾಗಲಿ, ಇಬ್ಬರೂ ಒಂದೇ ಶಿಫ್ಟಿಗೆ ಬರೆಸಿಕೊಳ್ಳೋಣ. ಸಂಜೆ ಒಟ್ಟಿಗೆ ನಡೆದುಕೊಂಡು ಮನೆಗೆ ಬರೋಣ. ನನಗೆ ಬೇರೆ ಆಸೆಯೇ ಇರಲಿಲ್ಲ, ಸುಳ್ಳಲ್ಲ. ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಆ ನಡಿಗೆಯನ್ನು ಎಷ್ಟು ಸಲ ನಡೆದಿದ್ದೇನೋ. ಎಲ್ಲಿ ತರಕಾರಿ ಕೊಳ್ಳುವುದು, ಚೀಲ ಯಾರು ಹಿಡಿಯುವುದು, ಎಲ್ಲ ತೀರ್ಮಾನವಾಗಿತ್ತು. ಚೀಲ ನಿಮಗೇ.

ಕೊನೆಗೆ ಬಂತಲ್ಲ ಆ ದಿನ. ನಮ್ಮ ಜಾಗಕ್ಕೆ ಯಂತ್ರದ ತೋಳು ಬಂತು, ಅದಕ್ಕೆ ಹಲಗೆಯೂ ಬೇಡ, ಊಟವೂ ಬೇಡ. ನಿಮ್ಮನ್ನು ತಪಾಸಣೆಗೆ, ನನ್ನನ್ನು ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸುವಲ್ಲಿಗೆ ಹಾಕಿದರು. ಇಬ್ಬರಿಗೂ ಬೆಳಗಿನ ಶಿಫ್ಟ್. ಪುಟ್ಟಿ ಹಾಸ್ಟೆಲಿನಿಂದ ಫೋನ್ ಮಾಡಿ, ಇನ್ನು ನಿಮ್ಮಿಬ್ಬರ ಹನಿಮೂನ್ ಅಂತ ರೇಗಿಸಿದಳು.

ಮೊದಲ ಸಂಜೆ ಏನಾಯಿತು ಅಂತ ನೆನಪಿದೆಯಾ? ನಾನು ಒಲೆಯ ಮುಂದೆ ನಿಂತಿದ್ದೆ. ನೀವು ಅಡುಗೆಮನೆಯ ಒಳಗೆ ಕಾಲಿಟ್ಟಿರಿ. ನಾನು ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಅನ್ನ ಆಗಿದೆ, ಸಾರಿಗೆ ಉಪ್ಪು ಹಾಕಿಲ್ಲ ಅಂತ ಹೇಳಿ ಹೊರಗೆ ಬಂದುಬಿಟ್ಟೆ. ನೀವೂ ಏನೂ ಕೇಳದೆ ಸೌಟು ಕೈಗೆತ್ತಿಕೊಂಡಿರಿ. ನಡುಮನೆಗೆ ಬಂದ ಮೇಲೆ ನನಗೆ ಹೊಳೆಯಿತು, ನಾನು ಎಲ್ಲಿಗೂ ಹೋಗಬೇಕಾಗಿಲ್ಲ ಅಂತ. ಇಬ್ಬರೂ ನಕ್ಕೆವು. ಮರುದಿನವೂ ಹಾಗೇ ಆಯಿತು, ನಕ್ಕೆವು. ಆಮೇಲೆ ದಿನಾ ಆಯಿತು, ಯಾರೂ ನಗಲಿಲ್ಲ. ನೀವು ಬಂದರೆ ನಾನು ಏಳುತ್ತಿದ್ದೆ, ನಾನು ಬಂದರೆ ನೀವು ಏಳುತ್ತಿದ್ದಿರಿ. ಒಂದು ಕೋಣೆಯಲ್ಲಿ ಇಬ್ಬರೂ ಇರುವುದು ಹೇಗೆ ಅಂತ ನಮಗೆ ಗೊತ್ತೇ ಇರಲಿಲ್ಲ.

ನಡೆದುಕೊಂಡೂ ಬಂದೆವು, ಇಲ್ಲ ಅನ್ನುವುದಿಲ್ಲ. ಆದರೆ ನೀವು ಮುಂದೆ, ನಾನು ಹಿಂದೆ. ಬೀದಿ ಅರ್ಧ ದಾಟುವಷ್ಟರಲ್ಲಿ ಮಾತು ಮುಗಿದುಹೋಗುತ್ತಿತ್ತು. ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಿ ಅಭ್ಯಾಸವಿದ್ದರಲ್ಲವೇ? ತಿರುಪು ಬಿಗಿ ಕೂತಿದೆ, ಮಗಳು ದೊಡ್ಡವಳಾದಳು, ಇನ್ನೇನು ಹೇಳುವುದು? ನಿಮಗೆ ಯಾವುದು ಇಷ್ಟ, ಯಾವುದಕ್ಕೆ ನಗು ಬರುತ್ತದೆ, ಸಿಟ್ಟು ಬಂದರೆ ಎಷ್ಟು ಹೊತ್ತು ಇರುತ್ತದೆ, ಇದ್ಯಾವುದೂ ನನಗೆ ತಿಳಿದಿರಲಿಲ್ಲ. ಕೇಳೋಣ ಅಂದರೆ ಇಷ್ಟು ವಯಸ್ಸಾದ ಮೇಲೆ ಕಟ್ಟಿಕೊಂಡ ಗಂಡನನ್ನು ಹಾಗೆಲ್ಲ ಕೇಳುತ್ತಾರಾ ಅಂತ ನಾಚಿಕೆ. ಒಂದು ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು. ಎಲ್ಲಿ ಚುಚ್ಚಿದರೆ ನೋವಾಗುತ್ತದೆ ಅಂತ ಗೊತ್ತಿಲ್ಲದವರು ಜಗಳ ಹೇಗೆ ಆಡುವುದು?

ಹೊಸ ಕಾರ್ಖಾನೆಗೆ ಹೋಗಿ ಕೆಲಸ ಕಲಿಸುವವರು ಬೇಕು ಅಂದಾಗ ನೀವು ಎಲ್ಲರಿಗಿಂತ ಮೊದಲು ಕೈ ಎತ್ತಿದಿರಿ ಅಂತ ಮೀಸೆ ಸಾಹೇಬರು ಹೇಳಿದರು. ನನಗೆ ನೀವು ಹೇಳಿದ್ದು, ಕಂಪನಿಯವರು ಹೋಗು ಅಂದರು ಅಂತ. ನಾನು ನಿಮ್ಮ ಅಂಗಿಗಳನ್ನು ಮಡಚಿಕೊಟ್ಟೆ. ಬಸ್ ಹೊರಟ ಮೇಲೆ ಮನೆಗೆ ಬಂದು ಅಡುಗೆಮನೆಯಲ್ಲಿ ಒಬ್ಬಳೇ ನಿಂತುಕೊಂಡೆ. ಯಾರೂ ಬರಲಿಲ್ಲ. ಆವತ್ತು ಎದೆ ಒಡೆದುಹೋಯಿತು ಅಂದರೆ ನಾಟಕ ಅನ್ನಬೇಡಿ.

ಈಗ ನನ್ನ ಉತ್ತರ. ನಾನು ಬರುವುದಿಲ್ಲ.

ಕಾರಣ ಇಲ್ಲ ಅಂತಲ್ಲ. ಮೊಣಕಾಲು ಅಷ್ಟು ದೂರದ ಬಸ್ಸಿಗೆ ಒಗ್ಗುವುದಿಲ್ಲ. ಪುಟ್ಟಿ ರಜೆ ಸಿಕ್ಕಾಗ ಬರುವುದು ಈ ಮನೆಗೇ, ಬಾಗಿಲು ತೆರೆಯಲು ಒಬ್ಬರು ಬೇಕು. ಪಕ್ಕದ ಮನೆ ಅಜ್ಜಿಗೂ ಈಗ ಕಣ್ಣು ಮಂಜು, ನಮ್ಮ ಮಗುವನ್ನು ನೋಡಿಕೊಂಡವರನ್ನು ಹೇಗೆ ಬಿಟ್ಟು ಬರಲಿ? ರಬ್ಬರ್ ಪಟ್ಟಿಯ ಕೆಲಸವೂ ಕೈಗೆ ಕೂತುಬಿಟ್ಟಿದೆ, ಮತ್ತೆ ಬಾಗಿಲು ಎತ್ತಿ ನಿಲ್ಲಿಸುವ ವಯಸ್ಸಲ್ಲ. ನೀವು ಒಳ್ಳೆಯ ಮನಸ್ಸಿನಿಂದಲೇ ಕರೆದಿದ್ದೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಕರೆದಿರಿ ಅನ್ನುವುದೇ ನನಗೆ ಸಾಕು. ಸಾಕು ಅಂತ ಬರೆದೆ, ಸಾಕಾಗಿಲ್ಲ. ಆದರೂ ಬರುವುದಿಲ್ಲ.

ಮಗಳಿಗೆ ನಾನೇ ಹೇಳುತ್ತೇನೆ. ಅವಳು ಅತ್ತರೆ ನಿಮಗೆ ಫೋನ್ ಮಾಡಿಸುತ್ತೇನೆ, ಬೈಯಬೇಡಿ. ಹೊತ್ತು ಹೊತ್ತಿಗೆ ಊಟ ಮಾಡಿ. ಸುರಕ್ಷತೆಯ ಕನ್ನಡಕವನ್ನು ಹಣೆಯ ಮೇಲೆ ಅಲ್ಲ, ಕಣ್ಣಿಗೆ ಹಾಕಿಕೊಳ್ಳಿ.

ಇಂತಿ,
ನಿಮ್ಮ
ಪುಟ್ಟಿಯ ಅಮ್ಮ

ತಾ.ಕ. ಮೇಲೆ ಬರೆದ ಕಾರಣಗಳು ಸುಳ್ಳಲ್ಲ, ಆದರೆ ಅವುಗಳಿಂದ ನಾನು ನಿಲ್ಲುತ್ತಿರಲಿಲ್ಲ. ಕಳೆದ ತಿಂಗಳು ಅಕ್ಕನ ಮನೆಗೆ ಹೋಗುತ್ತೇನೆ ಅಂತ ರಜೆ ಹಾಕಿದ್ದೆನಲ್ಲ, ಅಲ್ಲಿಗೆ ಹೋಗಲಿಲ್ಲ. ನಿಮ್ಮಲ್ಲಿಗೆ ಬಂದಿದ್ದೆ. ಹೇಳದೆ ಬಂದು ನಿಲ್ಲೋಣ, ಒಟ್ಟಿಗೆ ನಡೆದು ಹೋಗೋಣ, ಈ ಸಲ ನಾನೇ ಏನಾದರೂ ಕೇಳೋಣ ಅಂತ ಗಟ್ಟಿ ಮನಸ್ಸು ಮಾಡಿಕೊಂಡು ಗೇಟಿನ ಎದುರು, ರಸ್ತೆಯ ಈಚೆ ಕಾಯುತ್ತಿದ್ದೆ. ಸೈರನ್ ಆಯಿತು. ನೀವು ನಾಲ್ಕೈದು ಜನರ ಜೊತೆ ಹೊರಗೆ ಬಂದಿರಿ. ಅವರ ಕಡೆ ಮುಖ ಮಾಡಿ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ, ಎರಡೂ ಕೈ ಬೀಸಿಕೊಂಡು ಏನೋ ಕಥೆ ಹೇಳುತ್ತಿದ್ದಿರಿ. ಒಬ್ಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಿಮಗೆ ಕಥೆ ಹೇಳಲು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಷ್ಟು ಹಗುರವಾದ ನಿಮ್ಮ ಮುಖವನ್ನು ನಾನು ಮೊದಲ ಸಲ ನೋಡಿದ್ದು. ರಸ್ತೆ ದಾಟಲು ಕಾಲು ಮುಂದಿಟ್ಟೆ. ನನ್ನನ್ನು ಕಂಡಿದ್ದರೆ ಆ ಕಥೆ ಅರ್ಧಕ್ಕೆ ನಿಂತುಹೋಗುತ್ತಿತ್ತು. ದಾಟಲಿಲ್ಲ.